ಹೆಂಗಸರ ಸಾಲು

ಬೆಂಗಳೂರಿನಲ್ಲಿ ಹಳೆಯ ಚಿತ್ರಮಂದಿರವೊಂದು ಬಾಗಿಲು ಮುಚ್ಚಿತೆಂದರೆ ಸಾಕು, ಅದರ ಹಿಂದೆಯೇ ಒಂದು ಹಳಹಳಿಕೆಯ ಲೇಖನ ಅಚ್ಚಾಗುತ್ತದೆ. ಕೆಂಪೇಗೌಡ ರಸ್ತೆಯ ಸಾಗರ್ ಹೋದಾಗ ಬಂತು, 2017ರಲ್ಲಿ ಕಪಾಲಿ ಮುಚ್ಚಿದಾಗ ಬಂತು, 2018ರ ಡಿಸೆಂಬರ್ 31ರಂದು ಬ್ರಿಗೇಡ್ ರಸ್ತೆಯ ರೆಕ್ಸ್ ಕೊನೆಯ ಆಟ ತೋರಿಸಿದಾಗ ಬಂತು. 1974ರಿಂದ ನಡೆಯುತ್ತಿದ್ದ ನಮ್ಮ ಕಡೆಯ ಕಾವೇರಿ 2024ರಲ್ಲಿ ಮುಚ್ಚಿದಾಗಲಂತೂ ಸಾಲುಸಾಲಾಗಿ ಬಂದವು. ನಾನು ಇವನ್ನೆಲ್ಲ ತಪ್ಪದೆ ಓದುತ್ತೇನೆ, ಕತ್ತರಿಸಿಯೂ ಇಡುತ್ತೇನೆ. ಪಾಠ ಹೇಳುವವರಿಗೆ ಈ ಚಾಳಿ ಬಿಡುವುದಿಲ್ಲ.

ಹಾಗೆ ಕತ್ತರಿಸಿಟ್ಟವನ್ನು ಒಟ್ಟಿಗೆ ಹರಡಿಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲದರಲ್ಲೂ ಕಾಲೇಜಿಗೆ ಚಕ್ಕರ್ ಹೊಡೆದು ಮಾರ್ನಿಂಗ್ ಷೋಗೆ ನುಗ್ಗಿದ ಹುಡುಗರಿದ್ದಾರೆ. ಗಾಂಧಿ ಕ್ಲಾಸಿನ ಸಿಳ್ಳೆಯಿದೆ, ಪರದೆಗೆ ಎಸೆದ ಚಿಲ್ಲರೆಯಿದೆ, ನೂಕುನುಗ್ಗಲಿನಲ್ಲಿ ಹರಿದ ಷರ್ಟಿದೆ, ಪೊಲೀಸರ ಲಾಠಿಯ ರುಚಿಯೂ ಇದೆ. ಚೆನ್ನಾಗಿಯೇ ಬರೆದಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹೆಂಗಸರು ಎಲ್ಲಿದ್ದಾರೆ ಎಂದು ಹುಡುಕಿದರೆ ಪರದೆಯ ಮೇಲೆ ಸಿಗುತ್ತಾರೆಯೇ ಹೊರತು ಕುರ್ಚಿಗಳಲ್ಲಿ ಸಿಗುವುದಿಲ್ಲ. ನಾವೂ ದುಡ್ಡು ಕೊಟ್ಟೇ ಒಳಗೆ ಹೋದವರಲ್ಲವೇ?

ತಮಾಷೆಯೆಂದರೆ, ಆ ಚಿತ್ರಮಂದಿರಗಳ ಹೆಸರುಗಳನ್ನು ನೋಡಿ: ಗೀತಾ, ಮೇನಕಾ, ತ್ರಿವೇಣಿ, ಅನುಪಮಾ, ಕಲ್ಪನಾ, ನರ್ತಕಿ, ಸಪ್ನಾ. ಲಾಲ್‌ಬಾಗ್ ಕಡೆ ಹೋದರೆ ಊರ್ವಶಿ, ನಮ್ಮ ದಾರಿಯಲ್ಲಿ ಕಾವೇರಿ. ಮದುವೆಮನೆಯ ಜಗಲಿಯಲ್ಲಿ ಕುಳಿತ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದಂತಿದೆ. ಬೋರ್ಡಿನ ಮೇಲೆಲ್ಲ ನಾವೇ, ನೆನಪಿನ ಬರಹದಲ್ಲಿ ಮಾತ್ರ ನಾವಿಲ್ಲ!

ಎಂಬತ್ತರ ದಶಕದಲ್ಲಿ ಯಲಹಂಕ ಬೆಂಗಳೂರಿನ ಬಡಾವಣೆಯಾಗಿರಲಿಲ್ಲ, ಬೇರೆಯೇ ಊರು. "ಬೆಂಗಳೂರಿಗೆ ಹೋಗಿ ಬರ್ತೀವಿ" ಎಂದು ಪಕ್ಕದ ಮನೆಯವರಿಗೆ ಹೇಳಿಯೇ ಹೊರಡುತ್ತಿದ್ದೆವು. ಬಿ.ಟಿ.ಎಸ್. ಬಸ್ಸು ಹೆಬ್ಬಾಳ, ಮೇಖ್ರಿ ಸರ್ಕಲ್, ಕಾವೇರಿ ಟಾಕೀಸು ದಾಟಿ ಮೆಜೆಸ್ಟಿಕ್ಕಿಗೆ ತಂದು ಇಳಿಸುತ್ತಿತ್ತು. ಮೆಜೆಸ್ಟಿಕ್ ಎಂಬ ಹೆಸರೇ ಒಂದು ಚಿತ್ರಮಂದಿರದ್ದು. ಮಂದಿರ ಹೋದರೂ ಕಂಡಕ್ಟರುಗಳ ಬಾಯಲ್ಲಿ ಹೆಸರು ಉಳಿದಿದೆ. ಟಿಕೆಟ್ ಕೊಡುವ ಕಿಂಡಿಯ ಮುಂದೆ ಕಬ್ಬಿಣದ ಸರಳುಗಳ ನಡುವೆ ಎರಡು ಓಣಿ: ಒಂದು ಗಂಡಸರದು, ಇನ್ನೊಂದು ಹೆಂಗಸರದು. ನಮ್ಮ ಸಾಲು ಯಾವಾಗಲೂ ಚಿಕ್ಕದು. ಆದ್ದರಿಂದ ಆ ಒಂದು ಗಳಿಗೆ ನಮಗೆ ಭಾರಿ ಬೆಲೆ! ಹಾದಿಯಲ್ಲಿ ಎದುರಾದರೆ ದಾರಿ ಬಿಡದ ಗಂಡಸರು ಸರಳಿನ ಆಚೆಯಿಂದ ನೋಟು ಚಾಚಿ, "ಅಕ್ಕಾ, ನಂಗೂ ಒಂದು ತಗೊಡಿ ಅಕ್ಕಾ" ಎಂದು ಅಂಗಲಾಚುತ್ತಿದ್ದರು. ಅದೇ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡು, ಹೊರಗೆ ಸೆರಗಿನ ಮರೆಯಲ್ಲಿ ಬ್ಲಾಕಿನಲ್ಲಿ ಮಾರಿ ಸಂಸಾರ ತೂಗಿಸುತ್ತಿದ್ದ ಹೆಂಗಸರನ್ನೂ ಕಂಡಿದ್ದೇನೆ. ಮಿಕ್ಕವರು ಗುರುತಿಲ್ಲದವರ ಮಗುವನ್ನು ಎತ್ತಿಕೊಂಡು, ಸೀರೆಯ ಬೆಲೆ ಕೇಳಿಕೊಂಡು, ಅತ್ತೆಯ ಕಾಟವನ್ನೂ ಅರ್ಧ ಹೇಳಿ ಮುಗಿಸುವಷ್ಟರಲ್ಲಿ ಕಿಂಡಿ ತೆರೆಯುತ್ತಿತ್ತು.

ಈಗ ಹಳಹಳಿಕೆಯ ಲೇಖನಗಳು ಹೇಳದ ಮುಖ್ಯ ಮಾತಿಗೆ ಬರುತ್ತೇನೆ. ಆ ಭಾರಿ ಮಂದಿರಗಳನ್ನು ತುಂಬಿಸಿದವರಲ್ಲಿ ನಾವು ಸಣ್ಣ ಪಾಲುದಾರರಲ್ಲ. 1968ರಲ್ಲಿ ತೆರೆದ ಕಪಾಲಿಯಲ್ಲಿ 1,400ಕ್ಕೂ ಹೆಚ್ಚು ಆಸನಗಳಿದ್ದವು. ಅಂಥ ಮಂದಿರಗಳು ವಾರಗಟ್ಟಲೆ ತುಂಬಬೇಕಾದರೆ ಮೊದಲ ದಿನದ ಸಿಳ್ಳೆಯವರು ಸಾಲರು. 1972ರ 'ಬಂಗಾರದ ಮನುಷ್ಯ' ಮುಂದೆ ಭೂಮಿಕಾ ಆದ ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿತಲ್ಲ, ಆ ನೂರಾರು ಮ್ಯಾಟಿನಿಗಳಿಗೆ ಯಾರು ಹೋದರು? ಮಧ್ಯಾಹ್ನದ ಅಡಿಗೆ ಮುಗಿಸಿ, ಪಾತ್ರೆ ಕವುಚಿ, ಮಕ್ಕಳು ಶಾಲೆಯಿಂದ ಬರುವುದರೊಳಗೆ ಮನೆ ಸೇರುವ ಲೆಕ್ಕ ಹಾಕಿಕೊಂಡು ಹೋದವರು ಯಾರೆಂದು ನಿಮ್ಮ ತಾಯಿಯನ್ನೇ ಕೇಳಿ.

ಕಥೆಗಳೂ ನಮ್ಮವೇ ಆಗಿದ್ದವು. ತ್ರಿವೇಣಿಯವರ 'ಬೆಳ್ಳಿಮೋಡ' ಮತ್ತು 'ಶರಪಂಜರ', ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ', ಇವುಗಳನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದರು. ವಾಣಿಯವರ ಕಾದಂಬರಿಗಳಿಂದ 1974ರಲ್ಲಿ 'ಎರಡು ಕನಸು', 1975ರಲ್ಲಿ 'ಶುಭಮಂಗಳ', 1982ರಲ್ಲಿ 'ಹೊಸಬೆಳಕು' ಬಂದವು. ಉಷಾ ನವರತ್ನರಾಮ್ ಅವರ 'ಬಂಧನ' 1984ರಲ್ಲಿ ಬಂತು. ಬರೆದವಳು ಹೆಣ್ಣು, ಅದನ್ನು ಲೈಬ್ರರಿಯಿಂದ ತಂದು ಒಲೆಯ ಮುಂದೆ ಓದಿದವಳು ಹೆಣ್ಣು, ಓದಿದ್ದು ಪರದೆಯಲ್ಲಿ ಹೇಗೆ ಬಂದಿದೆಯೋ ನೋಡೋಣವೆಂದು ಬಸ್ಸು ಹತ್ತಿದವಳೂ ಹೆಣ್ಣು. ಕನ್ನಡ ಚಿತ್ರರಂಗದ ಒಳ್ಳೆಯ ಕಾಲವೊಂದು ಈ ಮೂವರ ಮೇಲೆ ನಿಂತಿತ್ತೆಂದರೆ ಅತಿಶಯೋಕ್ತಿಯಲ್ಲ.

'ಶರಪಂಜರ' 1971ರ ಚಿತ್ರ. ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಅದು ಮತ್ತೆ ಬಿಡುಗಡೆಯಾದಾಗ, ಅಮ್ಮನ ಜೊತೆ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡನೂ ನೆರೆಹೊರೆಯೂ ಮತ್ತೆ ಹುಚ್ಚಿಗೆ ದೂಡುವ ಕಥೆ ನಿಮಗೆಲ್ಲ ಗೊತ್ತಿದೆ. ನಮ್ಮ ಸುತ್ತ ಹೆಂಗಸರೆಲ್ಲ ಅಳುತ್ತಿದ್ದರು. ಮನೆಯಲ್ಲಿ ಅತ್ತರೆ "ಏನಾಯ್ತು?" ಎಂದು ಕೇಳುವವರಿರುತ್ತಾರೆ. ಅಲ್ಲಿ ಕೇಳುವವರಿರಲಿಲ್ಲ. ಹಿಂತಿರುಗುವಾಗ ಹೆಬ್ಬಾಳದವರೆಗೂ ಅಮ್ಮ ತುಟಿ ಬಿಚ್ಚಲಿಲ್ಲ. ಆಮೇಲೆ, "ನಿಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು ಕಣೇ" ಎಂದರು. ನಮ್ಮ ಮನೆಯಲ್ಲಿ ಆ ದೊಡ್ಡಮ್ಮನ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಆ ಆಟದ ಟಿಕೆಟಿನ ಬೆಲೆ ಎಷ್ಟೋ ಮರೆತಿದೆ, ಆ ಮಾತು ಮರೆತಿಲ್ಲ. ಚಿತ್ರಮಂದಿರ ಹೆಂಗಸರಿಗೆ ಏನಾಗಿತ್ತು ಎಂಬುದಕ್ಕೆ ನನ್ನ ಬಳಿ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

ಹಾಗೆಂದು ದೂರದ ಬೆಟ್ಟವನ್ನು ನುಣ್ಣಗೆ ಮಾಡಿ ತೋರಿಸಲಾರೆ. ಅದೇ ಕತ್ತಲಲ್ಲಿ ಹಿಂದಿನ ಸಾಲಿನಿಂದ ಕೈ ಬರುತ್ತಿತ್ತು, ಕುರ್ಚಿಯ ಸಂದಿಯಿಂದ ಕಾಲು ಬರುತ್ತಿತ್ತು. ಪರ್ಸಿನಲ್ಲಿ ಬಸ್ ಚಾರ್ಜಿನ ಜೊತೆ ಒಂದು ಸೇಫ್ಟಿ ಪಿನ್ನು ಇರುತ್ತಿದ್ದುದು ಸೀರೆಗಷ್ಟೇ ಅಲ್ಲ. ಒಮ್ಮೆ ಒಂದು ಮಂದಿರದಲ್ಲಿ ಗೇಟ್ ಕೀಪರಿಗೆ ದೂರು ಕೊಟ್ಟರೆ, "ಜೊತೆಗೆ ಗಂಡಸರು ಯಾರೂ ಬಂದಿಲ್ವಾ?" ಎಂದು ನಮ್ಮನ್ನೇ ವಿಚಾರಿಸಿದ. ಅಲ್ಲಿನ ಶೌಚಾಲಯದ ವಾಸನೆಗೆ ಹೆದರಿ ಮನೆಯಿಂದ ಹೊರಡುವಾಗಲೇ ನೀರು ಕುಡಿಯುವುದನ್ನು ಬಿಡುತ್ತಿದ್ದೆವು. ಸುರಕ್ಷತೆಯ ಮಾತಂತೂ ಯಾರಿಗೂ ಹೊಳೆಯುತ್ತಿರಲಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಮಂದಿ ಸತ್ತ ಮೇಲೆಯೇ ಎಷ್ಟೋ ಜನಕ್ಕೆ ಹೊರಹೋಗುವ ಬಾಗಿಲು ಎಲ್ಲಿದೆಯೆಂದು ನೋಡುವ ಬುದ್ಧಿ ಬಂದದ್ದು. ಹಳಹಳಿಕೆಯ ಬರಹಗಳಲ್ಲಿ ಇದ್ಯಾವುದೂ ಇಲ್ಲ, ಏಕೆಂದರೆ ಬರೆದವರಿಗೆ ಪಿನ್ನು ಬೇಕಾಗಿರಲಿಲ್ಲ.

ಚಿತ್ರಮಂದಿರಗಳು ಏಕೆ ಮುಚ್ಚಿದವು ಎಂಬ ಪ್ರಶ್ನೆಗೂ ಈ ಲೇಖನಗಳು ಸಿದ್ಧ ಉತ್ತರ ಕೊಡುತ್ತವೆ: ಮಾಲ್ ಬಂತು, ಮೊಬೈಲು ಬಂತು, ಜಾಗಕ್ಕೆ ಚಿನ್ನದ ಬೆಲೆ ಬಂತು. ನಿಜವೇ. ಆದರೆ ಅದಕ್ಕೂ ಮೊದಲೇ ಒಂದು ಸಾಲು ಖಾಲಿಯಾಗಿತ್ತು. ಎಂಬತ್ತರ ದಶಕದಲ್ಲಿ ದೂರದರ್ಶನ ಮನೆಮನೆಗೆ ಬಂದು, ಭಾನುವಾರದ ಕನ್ನಡ ಚಿತ್ರ ನಡುಮನೆಗೇ ಬಂತು. 1994ರಲ್ಲಿ ಉದಯ ಟಿ.ವಿ. ಬಂತು, ಹಿಂದೆಯೇ ಧಾರಾವಾಹಿಗಳು ಬಂದವು. ಪಿನ್ನಿಲ್ಲದೆ, ಬಸ್ಸಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಕಥೆ ನೋಡಬಹುದಾದಾಗ ಹೆಂಗಸರು ಮನೆಯಲ್ಲೇ ಉಳಿದರು. ಅವರನ್ನು ಮತ್ತೆ ಕರೆಯಲು ಚಿತ್ರಮಂದಿರದವರು ಒಂದು ಒಳ್ಳೆಯ ಶೌಚಾಲಯವನ್ನೂ ಕಟ್ಟಿಸಲಿಲ್ಲ, ಚಿತ್ರ ತೆಗೆಯುವವರು ಕಾದಂಬರಿಗಳ ಕಡೆ ತಿರುಗಿಯೂ ನೋಡಲಿಲ್ಲ. ಉಳಿದ ಗಿರಾಕಿಗಳಿಗೆ ತಕ್ಕಂತೆ ಮಚ್ಚು, ಲಾಂಗು, ಎತ್ತರದ ಕಟೌಟು. ಮೊದಲ ಮೂರು ದಿನ ಜಾತ್ರೆ, ನಾಲ್ಕನೆಯ ದಿನ ನೊಣ. ಮ್ಯಾಟಿನಿಯ ಹೆಂಗಸರನ್ನು ಕಳೆದುಕೊಂಡ ದಿನವೇ ಆ ಮಂದಿರಗಳ ಅಡಿಪಾಯ ಸಡಿಲವಾಯಿತೆಂಬುದು ನನ್ನ ವಾದ.

2004ರಲ್ಲಿ ಕೋರಮಂಗಲಕ್ಕೆ ಬಂದ ಮಲ್ಟಿಪ್ಲೆಕ್ಸು ಈಗ ಹೆಬ್ಬಾಳ, ಯಲಹಂಕದವರೆಗೂ ಬಂದಿದೆ. ಒಂದು ಮಾತು ಒಪ್ಪಬೇಕು: ಅಲ್ಲಿ ನನ್ನ ಮಗಳು ಪಿನ್ನಿಲ್ಲದೆ ಹೋಗಿ ಬರುತ್ತಾಳೆ, ರಾತ್ರಿಯ ಆಟಕ್ಕೂ ಹೋಗುತ್ತಾಳೆ. ಅದನ್ನು ಹಳೆಯದರ ಹೆಸರಿನಲ್ಲಿ ಹಳಿಯುವವರ ಗುಂಪಿಗೆ ನಾನು ಸೇರಲಾರೆ. ಆದರೆ ಆ ಬಾಗಿಲಲ್ಲಿ ಬೇರೊಂದು ಸರಳಿದೆ, ಅದು ದುಡ್ಡಿನದು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಆರ್.ಟಿ. ನಗರದ ನಮ್ಮ ಶಾಲೆಯ ಆಯಾಗೆ ಈ ಸುದ್ದಿ ಹೇಳಿದೆ. "ಇನ್ನೂರಾದ್ರೂ ನಂಗೆ ಬ್ಯಾಡ ಮೇಡಂ, ನಾಲ್ಕು ಜನ ಹೋದ್ರೆ ವಾರದ ತರಕಾರಿ ಹೋಯ್ತು" ಎಂದರು. ಅವರು ಚಿತ್ರಮಂದಿರದೊಳಗೆ ಕಾಲಿಟ್ಟು ಹದಿನಾಲ್ಕು ವರ್ಷವಾಗಿದೆ.

2023ರ ಜೂನ್‌ನಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಅಮ್ಮ ಸಾಸಿವೆ ಡಬ್ಬಿಯಲ್ಲಿ ಕೂಡಿಡುತ್ತಿದ್ದ ಚಿಲ್ಲರೆ ಈಗ ಬೇಕಾಗಿಲ್ಲ. ಅಪ್ಪಣೆ ಕೇಳುವ ಕಾಲವೂ ಬಹುಪಾಲು ಹೋಗಿದೆ. ಗಾಂಧಿನಗರದ ಸುತ್ತ ಇನ್ನೂ ಉಳಿದಿರುವ ಒಂಟಿ ಪರದೆಯ ಮಂದಿರದವರು ವಾರಕ್ಕೆ ಒಂದು ಮ್ಯಾಟಿನಿಯನ್ನು ಕಡಿಮೆ ದರದಲ್ಲಿ ಹೆಂಗಸರಿಗೆಂದೇ ಇಟ್ಟು, ಶೌಚಾಲಯ ತೊಳೆಸಿ, ಟಾರ್ಚು ಹಿಡಿಯಲು ಒಬ್ಬ ಹೆಣ್ಣುಮಗಳನ್ನು ನೇಮಿಸಿ ನೋಡಲಿ. ಮುಚ್ಚಿದ ಮೇಲೆ ಕಣ್ಣೀರಿನ ಲೇಖನ ಬರೆಸಿಕೊಳ್ಳುವುದಕ್ಕಿಂತ ಅದು ಅಗ್ಗ. ಮೊದಲ ಆಟಕ್ಕೆ ನಾನು ಬರುತ್ತೇನೆ, ಆಯಾರನ್ನೂ ಕರೆದುಕೊಂಡು.