ಔಷಧಿ ಅಂಗಡಿಗೆ ನಾವು ಕೊಡದೆ ಬಿಟ್ಟ ಕೆಲಸ

2021ರ ಮೇ ತಿಂಗಳ ಒಂದು ಬೆಳಿಗ್ಗೆ. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನ ಮುಂದೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಅಂತರ ಕಾಯಲೆಂದು ನೆಲಕ್ಕೆ ಬಳಿದ ಸುಣ್ಣದ ಗುರುತುಗಳು ಅರ್ಧ ಅಳಿಸಿಹೋಗಿದ್ದವು. ನನ್ನ ಮುಂದಿದ್ದ ಹುಡುಗ ಮೊಬೈಲಿನಲ್ಲಿ ಒಂದು ಚೀಟಿಯ ಫೋಟೊ ತೋರಿಸಿದ. ಯಾರಿಗೋ ಯಾವುದೋ ಡಾಕ್ಟರು ಬರೆದುಕೊಟ್ಟದ್ದು, ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದದ್ದು. "ಇದರಲ್ಲಿರೋದೆಲ್ಲ ಕೊಡಿ ಅಣ್ಣಾ, ಅಪ್ಪನಿಗೆ ಜ್ವರ."

ಪ್ಲಾಸ್ಟಿಕ್ ಹಾಳೆಯ ಹಿಂದಿದ್ದವರು ಕೇಳಿದರು: "ಶುಗರ್ ಇದೆಯಾ? ಆಕ್ಸಿಜನ್ ನೋಡಿದ್ರಾ?" ಶುಗರ್ ಇತ್ತು, ಆಕ್ಸಿಜನ್ ನೋಡಿರಲಿಲ್ಲ. ಅವರು ಚೀಟಿಯಲ್ಲಿದ್ದ ಸ್ಟೀರಾಯ್ಡ್ ಮಾತ್ರೆಯ ಹೆಸರಿನ ಮೇಲೆ ಬೆರಳಿಟ್ಟು, "ಇದನ್ನ ನಾನು ಕೊಡಲ್ಲ" ಅಂದರು. ಪ್ಯಾರಾಸಿಟಮಾಲ್ ಕೊಟ್ಟು, ಅಂಗಡಿಯ ಆಕ್ಸಿಮೀಟರನ್ನೇ ಅವನ ಕೈಗಿತ್ತು, "94ಕ್ಕಿಂತ ಕೆಳಗೆ ಬಂದ್ರೆ ನನ್ನ ಹತ್ರ ಬರಬೇಡ, ನೇರ ಆಸ್ಪತ್ರೆಗೆ ಕರ್ಕೊಂಡು ಹೋಗು" ಎಂದು ಹೇಳಿ ಕಳಿಸಿದರು.

ಇಷ್ಟಕ್ಕೆ ಹಿಡಿದದ್ದು ಒಂದೆರಡು ನಿಮಿಷ. ಆದರೆ ಆ ಮಾತಿನ ಹಿಂದೆ ವಿಜ್ಞಾನವಿತ್ತು. ಆಕ್ಸಿಜನ್ ನೆರವು ಬೇಕಾದ ಕೋವಿಡ್ ರೋಗಿಗಳ ಜೀವವನ್ನು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಉಳಿಸುತ್ತದೆ, ಆ ನೆರವು ಬೇಡದವರಿಗೆ ಅದರಿಂದ ಲಾಭವಿಲ್ಲ ಎಂದು ಬ್ರಿಟನ್ನಿನ 'ರಿಕವರಿ' ಪ್ರಯೋಗ 2020ರ ಜೂನ್‌ನಲ್ಲೇ ತೋರಿಸಿತ್ತು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡಿನ ಅತಿಬಳಕೆಯೂ ಸೇರಿದರೆ ಏನಾಗುತ್ತದೆಂಬುದನ್ನು ಎರಡನೇ ಅಲೆಯ ಬ್ಲ್ಯಾಕ್ ಫಂಗಸ್ ನಮಗೆ ಕಲಿಸಿತು. ಸಾಂಕ್ರಾಮಿಕದ ಕಾಲದಲ್ಲಿ ಫಾರ್ಮಸಿಸ್ಟ್ ಮಾಡಬೇಕಾದ ಕೆಲಸ ಯಾವುದು ಎಂದರೆ ನಾನು ಆ ಎರಡು ಪ್ರಶ್ನೆಗಳನ್ನೇ ತೋರಿಸುತ್ತೇನೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಾಗ ಔಷಧಿ ಅಂಗಡಿ ತೆರೆದಿತ್ತು. ಎಷ್ಟೋ ಕ್ಲಿನಿಕ್‌ಗಳು ಮುಚ್ಚಿದ್ದ ಆ ದಿನಗಳಲ್ಲಿ, ಟೋಕನ್ ಇಲ್ಲದೆ, ಫೀಸಿಲ್ಲದೆ ಜನ ಹೋಗಿ ನಿಲ್ಲಬಹುದಾಗಿದ್ದ ಜಾಗ ಅದೊಂದೇ. ಬಿಪಿ, ಶುಗರ್, ಮೂರ್ಛೆರೋಗದ ಮಾತ್ರೆ ತಪ್ಪದಂತೆ ನೋಡಿಕೊಂಡವರು ಅವರೇ. ಕೆಮ್ಮುವವರೆಲ್ಲ ಮೊದಲು ಬಂದು ಕೆಮ್ಮಿದ್ದೂ ಅವರ ಮುಂದೆಯೇ. ಆದರೂ ಆರೋಗ್ಯ ಕಾರ್ಯಕರ್ತರಿಗೆಂದು ಕೇಂದ್ರ ಘೋಷಿಸಿದ 50 ಲಕ್ಷ ರೂಪಾಯಿಯ ವಿಮೆಯಲ್ಲಿ ಖಾಸಗಿ ಅಂಗಡಿಯ ಫಾರ್ಮಸಿಸ್ಟ್‌ಗೆ ಜಾಗ ಸಿಗಲಿಲ್ಲ. ಸೇವೆ ಅಗತ್ಯದ್ದೆಂದು ಒಪ್ಪಿದ ನಾವು, ಸೇವೆ ಕೊಟ್ಟವರನ್ನು ವ್ಯಾಪಾರಿಗಳ ಸಾಲಿನಲ್ಲೇ ಬಿಟ್ಟೆವು.

ಹಾಗೆಂದು ವೃತ್ತಿಯ ಲೋಪವನ್ನು ಮುಚ್ಚಿಡುವಂತಿಲ್ಲ. 2020ರ ಮಾರ್ಚ್‌ನಲ್ಲಿ ಆರೋಗ್ಯ ಕಾರ್ಯಕರ್ತರಿಗೂ ಸೋಂಕಿತರ ಮನೆಯವರಿಗೂ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದ್ದೇ ತಡ, ಅದು ಅಂಗಡಿಗಳಿಂದ ಮಾಯವಾಯಿತು. ಸಂಧಿವಾತ, ಲೂಪಸ್‌ಗೆಂದು ಅದನ್ನೇ ನಿತ್ಯ ನುಂಗುತ್ತಿದ್ದವರು ಊರೆಲ್ಲ ಅಲೆದರು. ಮಾರ್ಚ್ 26ರಂದು ಸರ್ಕಾರ ಅದರ ಮಾರಾಟವನ್ನು ಎಚ್1 ಪಟ್ಟಿಯ ನಿಯಮಕ್ಕೆ ಒಳಪಡಿಸಿತು. ಎಂದರೆ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಆದರೆ ವೈರಸ್ಸಿಗೆ ಮದ್ದಲ್ಲದ ಅಜಿತ್ರೊಮೈಸಿನ್, ಚೀಟಿ ಇಲ್ಲದೆಯೂ ಎಷ್ಟೋ ಕೌಂಟರ್‌ಗಳಲ್ಲಿ ಮೂರು ಮಾತ್ರೆಯ ಸ್ಟ್ರಿಪ್‌ಗಳಲ್ಲಿ ಹರಿದುಹೋಯಿತು. ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಔಷಧಿ ಕೊಡಬೇಕೆಂದು 1948ರ ಫಾರ್ಮಸಿ ಕಾಯ್ದೆ ಹೇಳುತ್ತದೆ. ಗೋಡೆಯ ಮೇಲಿನ ಸರ್ಟಿಫಿಕೇಟು ಒಬ್ಬರದು, ಕೌಂಟರಿನಲ್ಲಿ ನಿಂತವರು ಇನ್ನೊಬ್ಬರು ಎಂಬ ಅಂಗಡಿಗಳು ನಮಗೆ ಹೊಸವಲ್ಲ. ಅಂಥ ಕಡೆ "ಶುಗರ್ ಇದೆಯಾ?" ಎಂದು ಕೇಳುವವರು ಯಾರು?

ಸರ್ಕಾರಗಳಿಗೂ ಈ ಕೌಂಟರಿನ ನೆನಪಾಯಿತು, ಆದರೆ ಬೇರೆ ಕಾರಣಕ್ಕೆ. 2020ರ ಬೇಸಿಗೆಯಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಜ್ವರ, ನೆಗಡಿ, ಕೆಮ್ಮಿನ ಔಷಧಿ ಕೊಂಡವರ ವಿವರ ಕೊಡಬೇಕೆಂದು ಅಂಗಡಿಗಳಿಗೆ ಸೂಚಿಸಿದವು. ರೋಗ ಎಲ್ಲಿ ಹಬ್ಬುತ್ತಿದೆ ಎಂದು ತಿಳಿಯಲು ಅದು ತಪ್ಪು ದಾರಿಯೇನಲ್ಲ. ಆದರೆ ಫೋನ್ ನಂಬರ್ ಬರೆದುಕೊಳ್ಳಿ ಎಂದವರು, ಜ್ವರದವರಿಗೆ ಏನು ಹೇಳಬೇಕೆಂದು ಕಲಿಸಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದೊಡನೆ ಅಂಗಡಿಯನ್ನು ಬೆಸೆಯಲಿಲ್ಲ. ಕ್ವಾರಂಟೈನಿಗೆ ಎಳೆದೊಯ್ಯುತ್ತಾರೆಂದು ಹೆದರಿದವರು "ತಲೆನೋವಿಗೆ ಕೊಡಿ" ಎನ್ನತೊಡಗಿದರು. ಸಲಹೆ ಕೊಡಬೇಕಾದವರನ್ನು ನಾವು ಮಾಹಿತಿದಾರರನ್ನಾಗಿ ಮಾಡಿಬಿಟ್ಟೆವು.

ಬೇರೆ ದಾರಿ ಇರಲಿಲ್ಲವೇ? ತೈವಾನ್ 2020ರ ಫೆಬ್ರುವರಿ 6ರಿಂದಲೇ ಆರು ಸಾವಿರಕ್ಕೂ ಹೆಚ್ಚು ಔಷಧಾಲಯಗಳ ಮೂಲಕ ಮಾಸ್ಕ್ ಹಂಚಿತು. ಆರೋಗ್ಯ ವಿಮೆಯ ಕಾರ್ಡ್ ತೋರಿಸಿದರೆ ದೊಡ್ಡವರಿಗೆ ವಾರಕ್ಕೆ ಎರಡು, ಒಂದಕ್ಕೆ 5 ತೈವಾನ್ ಡಾಲರ್. ಯಾವ ಅಂಗಡಿಯಲ್ಲಿ ಎಷ್ಟು ಉಳಿದಿದೆ ಎಂಬುದು ಜನರ ಮೊಬೈಲಿನ ನಕ್ಷೆಯಲ್ಲಿ ಕಾಣುತ್ತಿತ್ತು. ನಾವೂ ಮಾರ್ಚ್‌ನಲ್ಲಿ ಮೂರು ಪದರದ ಮಾಸ್ಕಿಗೆ 10 ರೂಪಾಯಿ ಎಂದು ಬೆಲೆ ಕಟ್ಟಿದೆವು. ಹಂಚುವ ಏರ್ಪಾಟು ಮಾಡಲಿಲ್ಲ. 2021ರ ಜನವರಿಯಲ್ಲಿ ಇಂಗ್ಲೆಂಡಿನ ಬೀದಿಬದಿಯ ಫಾರ್ಮಸಿಗಳು ಲಸಿಕೆ ಕೊಡತೊಡಗಿದವು, ಮಾರ್ಚ್‌ನಲ್ಲಿ ಫ್ರಾನ್ಸ್ ಕೂಡ ತನ್ನ ಫಾರ್ಮಸಿಸ್ಟರ ಕೈಗೆ ಸಿರಿಂಜ್ ಕೊಟ್ಟಿತು. ನಮ್ಮಲ್ಲಿ ಲಸಿಕೆಯ ಸಾಲು ಆಸ್ಪತ್ರೆ, ಶಾಲೆಗಳ ಮುಂದೆ ಬೆಳೆಯಿತು. ಬೀದಿಯ ಫಾರ್ಮಸಿಸ್ಟ್ ಕೌಂಟರಿನಲ್ಲಿ ನಿಂತು ನೋಡಿದರು.

ಮಾರಾಟದಿಂದಲೇ ಹೊಟ್ಟೆ ಹೊರೆಯುವವರು "ಈ ಮಾತ್ರೆ ಬೇಡ" ಎನ್ನುತ್ತಾರೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾಗಿಯೇ ಸಲಹೆಗೂ ಲಸಿಕೆಗೂ ಸರ್ಕಾರ ಸಂಭಾವನೆ ಕೊಡಬೇಕು. ಅಂಗಡಿ ತೆರೆದಿರುವಷ್ಟು ಹೊತ್ತೂ ಓದಿದ ಫಾರ್ಮಸಿಸ್ಟ್ ಅಲ್ಲಿರುವಂತೆ ಔಷಧ ನಿಯಂತ್ರಣ ಇಲಾಖೆ ನೋಡಿಕೊಳ್ಳಬೇಕು. ಅಧಿಕಾರ ಮತ್ತು ಕಟ್ಟುಪಾಡು ಎರಡೂ ಒಟ್ಟಿಗೇ ಬರಬೇಕು.

ಕೋವಿಡ್ ಕಾಲದ ನಮ್ಮ ಔಷಧಿ ಅಂಗಡಿ ಪೂರೈಕೆಯಲ್ಲಿ ಗೆದ್ದಿತು, ಆರೈಕೆಯಲ್ಲಿ ಸೋತಿತು. ಆ ಸೋಲಿನಲ್ಲಿ ವೃತ್ತಿಗೂ ಸರ್ಕಾರಕ್ಕೂ ಪಾಲಿದೆ, ಚೀಟಿ ಇಲ್ಲದೆ ಕೈ ಚಾಚಿದ ನಮಗೂ ಇದೆ. ಮುಂದಿನ ಸಲ ಮೆಡಿಕಲ್‌ಗೆ ಹೋದಾಗ "ಇಲ್ಲಿ ಫಾರ್ಮಸಿಸ್ಟ್ ಯಾರು?" ಎಂದು ಕೇಳಿ. ಅವರು ಎದುರಿಗೇ ಇದ್ದರೆ, ನೀವು ನುಂಗುವ ಮಾತ್ರೆಗಳನ್ನೆಲ್ಲ ಒಮ್ಮೆ ತೋರಿಸಿ ಮಾತಾಡಿ. ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ಈ ರೂಢಿ ಬೆಳೆಯಲಿ.