ಅಂಜನದ ಎಲೆ, ಬಣ್ಣದ ಕಾಗದ

‘ಅಂಜನ ಹಾಕಿ ನೋಡಿದರೂ ಸಿಕ್ಕಲಾರದು’ ಎಂಬ ಮಾತು ನಮ್ಮ ಕಡೆ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಕಳೆದುಹೋದ ಕೊಡೆಗೂ ಅದೇ ಮಾತು, ಹೊತ್ತಿಗೆ ಬಾರದ ಬಸ್ಸಿಗೂ ಅದೇ ಮಾತು. ಆಡುವವರಲ್ಲಿ ಬಹುಮಂದಿ ಅಂಜನವನ್ನು ಕಣ್ಣಾರೆ ಕಂಡವರಲ್ಲ. ನಾನು ಕಂಡಿದ್ದೇನೆ; ಕಂಡದ್ದು ಮಾತ್ರವಲ್ಲ, ಅದರೊಳಗೆ ನೋಡಿ ‘ಕಾಣುತ್ತದೆ’ ಎಂದು ಹೇಳಿದವನೂ ಹೌದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದನ್ನು ಬರೆಯಲು ಕಾರಣ ಬೇರೆ. ಈಚೆಗೆ ಹೊಳೆನರಸೀಪುರದಲ್ಲಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಸೇರಿಸಿ ಒಂದು ದಿನದ ಚಿತ್ರಶಿಬಿರ ನಡೆಯಿತು. ಹಾಸನದಿಂದ ನಾವು ನಾಲ್ಕೈದು ಮಂದಿ ಹೋಗಿದ್ದೆವು. ನಡೆಸಿಕೊಟ್ಟವರು ಚಿತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬ ಮಹಿಳೆ. ಮಧ್ಯಾಹ್ನದ ಊಟವಾದ ಮೇಲೆ ಅವರು ಕಿಟಕಿಗಳನ್ನು ಅರ್ಧ ಮುಚ್ಚಿಸಿ, ಒಬ್ಬೊಬ್ಬರ ಮುಂದೆಯೂ ಒಂದು ಬಟ್ಟಲು ನೀರಿಡಿಸಿ, ಅದಕ್ಕೆ ಕಪ್ಪು ಶಾಯಿ ಬೆರೆಸಿ, ‘ಸ್ವಲ್ಪ ಹೊತ್ತು ಇದನ್ನೇ ಸುಮ್ಮನೆ ನೋಡಿ’ ಎಂದರು. ಅನಂತರ ಕಂಡದ್ದನ್ನು ಬಣ್ಣದಲ್ಲಿ ಬರೆಯಬೇಕು; ಏನೂ ಕಾಣದಿದ್ದರೆ ಆ ಕಾಣದಿರುವುದನ್ನೇ ಬರೆಯಬೇಕು. ನನ್ನ ಪಕ್ಕದಲ್ಲಿದ್ದ ಭೌತಶಾಸ್ತ್ರದ ಅಧ್ಯಾಪಕರು, ‘ಏನ್ ಸಾರ್, ಅಂಜನ ಹಾಕಿಸ್ತಿದಾರಲ್ಲ!’ ಎಂದು ನಕ್ಕರು. ನಗೆಯ ಮಾತಾದರೂ ಆಕ್ಷೇಪ ಸಣ್ಣದಲ್ಲ. ಇದು ಮೂಢನಂಬಿಕೆಗೆ ತೊಡಿಸಿದ ಹೊಸ ಅಂಗಿಯೇ? ಅಥವಾ ಆ ಹಳೆಯ ಪದ್ಧತಿಯೊಳಗೆ ಉಳಿಸಿಕೊಳ್ಳತಕ್ಕದ್ದು ಏನಾದರೂ ಉಂಟೇ? ಕನ್ನಡ ಪಾಠ ಹೇಳುವವನಿಗೆ ಈ ಪ್ರಶ್ನೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಮನುಷ್ಯನು ತನ್ನನ್ನು ತಾನು ನೋಡಿಕೊಳ್ಳುವುದು ಹೇಗೆ ಎಂಬುದು ನಮ್ಮ ಕಾವ್ಯದ ಹಳೆಯ ಪ್ರಶ್ನೆಯೇ ಆಗಿರುವುದರಿಂದ, ಕೆಲಸವಿದೆಯೆಂದೇ ನನ್ನ ಭಾವನೆ.

ಹೊಳೆಯುವ ಕಪ್ಪಿನೊಳಗೆ ಇಣುಕುವ ಚಾಳಿ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಜಾನ್ ಡೀ ಎಂಬ ಪಂಡಿತನದೆನ್ನುವ ಕಪ್ಪುಗಲ್ಲಿನ ಕನ್ನಡಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಕಲ್ಲು ಮೆಕ್ಸಿಕೋ ದೇಶದ್ದೆಂದು 2021ರಲ್ಲಿ ಪರೀಕ್ಷೆಯಿಂದ ಗೊತ್ತಾಯಿತು. 1836ರಲ್ಲಿ ಈಜಿಪ್ಟಿನ ಜನಜೀವನವನ್ನು ಕುರಿತು ಪುಸ್ತಕ ಬರೆದ ಎಡ್ವರ್ಡ್ ಲೇನ್, ಕೈರೋದಲ್ಲಿ ಒಬ್ಬ ಹುಡುಗನ ಅಂಗೈಗೆ ಶಾಯಿ ಸುರಿದು ನೋಡಿಸಿದ್ದನ್ನು ವರ್ಣಿಸಿದ್ದಾನೆ. ಅಲ್ಲಿ ಹುಡುಗನಿಗೆ ಮೊದಲು ಕಾಣುವುದು ನೆಲ ಗುಡಿಸುವ ಒಬ್ಬ ಮನುಷ್ಯ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಏಕೆಂದು ಮುಂದೆ ತಿಳಿಯುತ್ತದೆ.

ಕಾಣುವುದಂತೂ ಸುಳ್ಳಲ್ಲ. ಇಟಲಿಯ ಮನಶ್ಶಾಸ್ತ್ರಜ್ಞ ಜೊವಾನ್ನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 50 ಮಂದಿಯನ್ನು ಮಂದಬೆಳಕಿನಲ್ಲಿ ಕನ್ನಡಿಯ ಮುಂದೆ 10 ನಿಮಿಷ ಕೂರಿಸಿದರೆ, ನೂರಕ್ಕೆ 66 ಮಂದಿಗೆ ತಮ್ಮ ಮುಖವೇ ವಿಕಾರವಾಗಿ ಕಂಡಿತು. ಕೆಲವರಿಗೆ ತಂದೆ ತಾಯಿಯ ಮುಖ, ಕೆಲವರಿಗೆ ಅಪರಿಚಿತರ ಮುಖ. ನೋಡುವ ವಸ್ತು ಬದಲಾಗದೆ, ಬೆಳಕು ಸಾಲದೆ ಇದ್ದರೆ ಕಣ್ಣು ಸೋಲುತ್ತದೆ. ಸೋತ ಕಡೆ ಮನಸ್ಸು ತನ್ನಲ್ಲಿರುವುದನ್ನು ತಂದು ತುಂಬುತ್ತದೆ. ಚಿತ್ರಕಾರರಿಗೆ ಇದು ಮೊದಲೇ ಗೊತ್ತಿತ್ತು. ಕಲೆಬಿದ್ದ ಗೋಡೆಯನ್ನು ದಿಟ್ಟಿಸಿದರೆ ಬೆಟ್ಟ, ನದಿ, ಯುದ್ಧ ಎಲ್ಲವೂ ಹೊಳೆಯುವುದೆಂದು ಲಿಯೊನಾರ್ಡೊ ಡ ವಿಂಚಿ ಶಿಷ್ಯರಿಗೆ ಬರೆದಿಟ್ಟ. 1921ರಲ್ಲಿ ರೋರ್‌ಷಾಕ್ ಎಂಬ ಸ್ವಿಸ್ ವೈದ್ಯ ಶಾಯಿಯ ಕಲೆಗಳನ್ನೇ ಮನಃಪರೀಕ್ಷೆಯ ಸಾಧನ ಮಾಡಿದ. ಚಿತ್ರಚಿಕಿತ್ಸೆಗೆ ಇಂಗ್ಲಿಷಿನಲ್ಲಿ ಆ ಹೆಸರು ಕೊಟ್ಟವನು, ಕ್ಷಯದಿಂದ ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದು ಚೇತರಿಸಿಕೊಂಡ ಏಡ್ರಿಯನ್ ಹಿಲ್ ಎಂಬ ಚಿತ್ರಕಾರ. ಅದು 1942ರ ಮಾತು. ಅಮೆರಿಕದಲ್ಲಿ ಫ್ಲಾರೆನ್ಸ್ ಕೇನ್ ಎಂಬಾಕೆ ಮಕ್ಕಳಿಂದ ಮೊದಲು ಅಡ್ಡಾದಿಡ್ಡಿ ಗೀಚಿಸಿ, ಆ ಗೀಚಿನೊಳಗೆ ಕಂಡ ರೂಪವನ್ನು ತಿದ್ದಿ ಬರೆಯಿಸುತ್ತಿದ್ದಳು. ಶಾಯಿಯ ಬಟ್ಟಲು ಈ ಮನೆತನಕ್ಕೇ ಸೇರಿದ್ದು.

ಇಷ್ಟು ಸಾಕು, ನಮ್ಮ ಜಿಲ್ಲೆಗೆ ಬರೋಣ. ಹಾಸನದವರಿಗೆ ಕನ್ನಡಿಯೆಂದೊಡನೆ ನೆನಪಾಗುವವಳು ಬೇಲೂರಿನ ದರ್ಪಣಸುಂದರಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಅವಳಷ್ಟು ಪೋಸ್ಟ್‌ಕಾರ್ಡು, ಕ್ಯಾಲೆಂಡರುಗಳಲ್ಲಿ ಸವೆದವಳು ಇನ್ನೊಬ್ಬಳಿಲ್ಲ. ಅವಳ ಸೊಬಗನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅವಳ ಕೈಯ ಕನ್ನಡಿ ಕಲ್ಲಿನದು. ಅದರಲ್ಲಿ ಅವಳಿಗೇನು ಕಾಣುತ್ತಿದೆಯೆಂಬುದು ನಮಗೆ ಎಂದೆಂದಿಗೂ ತಿಳಿಯುವಂತಿಲ್ಲ. ನಾವು ಅವಳ ಮುಖ ನೋಡಿ ‘ತನ್ನ ಚೆಲುವಿಗೆ ತಾನೇ ಮೆಚ್ಚಿದ್ದಾಳೆ’ ಎಂದು ಬರೆದುಬಿಡುತ್ತೇವೆ. ಅದು ನಮ್ಮ ಮಾತು, ಅವಳದಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದರೆ ಇನ್ನೊಂದು ಕನ್ನಡಿ ಸಿಗುತ್ತದೆ, ಕಲ್ಲಿನಲ್ಲಲ್ಲ, ಕಥೆಯಲ್ಲಿ. ಬಾಹುಬಲಿಯ ಅಣ್ಣ ಭರತ ಚಕ್ರವರ್ತಿ ಒಂದು ದಿನ ಕನ್ನಡಿ ನೋಡಿಕೊಳ್ಳುವಾಗ ಒಂದು ನರೆಗೂದಲು ಕಂಡ. ಅಷ್ಟರಿಂದಲೇ ಅವನ ವೈರಾಗ್ಯ. ಜಿನಸೇನರು ತೊಡಗಿ ಗುಣಭದ್ರರು ಮುಗಿಸಿದ ಸಂಸ್ಕೃತ ಆದಿಪುರಾಣದಲ್ಲಿ ಈ ಪ್ರಸಂಗ ಬರುತ್ತದೆ. ಪಂಪ 941ರಲ್ಲಿ ತನ್ನ ಆದಿಪುರಾಣವನ್ನು ಕಟ್ಟಿದ್ದು ಆ ಮೂಲದ ಮೇಲೆಯೇ. ಶ್ವೇತಾಂಬರರ ಕಥೆಯಲ್ಲಿ ನರೆಯಿಲ್ಲ. ಬೆರಳಿನಿಂದ ಉಂಗುರ ಜಾರಿದ್ದನ್ನು ಭರತ ಕನ್ನಡಿಗಳ ಮಂದಿರದಲ್ಲಿ ಕಾಣುತ್ತಾನೆ. ಎರಡರಲ್ಲಿಯೂ ಕನ್ನಡಿ ತೋರಿಸುವುದು ಇದ್ದದ್ದನ್ನು. ಬಿಳಿಯ ಕೂದಲು, ಬರಿಯ ಬೆರಳು. ಅಂಜನದ ಜಾತಿಯೇ ಬೇರೆ: ಅದು ಇಲ್ಲದ್ದನ್ನು ತೋರಿಸುತ್ತದೆ. ಜೈನ ಕವಿಗಳು ಇದ್ದದ್ದನ್ನು ತೋರಿಸುವ ಕನ್ನಡಿಯನ್ನು ನಂಬಿದರು. ನನಗೆ ಆ ನಿಷ್ಠುರತೆಯ ಮೇಲೆ ಗೌರವವಿದೆ. ದೊಡ್ಡಬೆಟ್ಟದ ಮೇಲೆ ಬಾಹುಬಲಿ ಪೂರ್ಣವಾಗಿ ನಿಂತಿದ್ದರೆ, ಎದುರಿಗೆ ಚಿಕ್ಕಬೆಟ್ಟದ ಮೇಲೆ ಭರತನದೆಂದು ತೋರಿಸುವ ವಿಗ್ರಹ ಮೊಣಕಾಲಿನ ಕೆಳಗೆ ಇಲ್ಲದೆ ನಿಂತಿದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಬಹುಮಂದಿ ಅದನ್ನು ನೋಡದೆಯೇ ಇಳಿದುಬಿಡುತ್ತಾರೆ.

ಕಪ್ಪು ಹೊಳಪನ್ನು ಅಂಗೈಯಲ್ಲಿಟ್ಟು ದಿಟ್ಟಿಸುವ ಮತ್ತೊಂದು ಪದ್ಧತಿಯೂ ನಮ್ಮಲ್ಲುಂಟು: ವೀರಶೈವರ ಇಷ್ಟಲಿಂಗಪೂಜೆ. ಇದನ್ನು ಅಂಜನದೊಡನೆ ಸಮ ಮಾಡಿದರೆ ಅಪಚಾರವಾದೀತು. ಸಾಧಕನು ಅಲ್ಲಿ ಚಿತ್ರಗಳನ್ನು ಹುಡುಕುವುದಿಲ್ಲ, ಬಂದರೂ ಬಿಡುತ್ತಾನೆ. ಯಾರನ್ನೂ ಏನನ್ನೂ ಕೇಳುವುದಿಲ್ಲ.

ಅಂಜನದಲ್ಲಿ ಕೇಳುವುದೇ ಮುಖ್ಯ. ಈಗ ನನ್ನ ಕಥೆ.

ನನಗೆ ಆಗ ಎಂಟು ವರ್ಷ. ಬೇಸಗೆ ರಜೆಗೆ ಅರಕಲಗೂಡಿನ ಅಜ್ಜಿಯ ಮನೆಯಲ್ಲಿದ್ದೆ. ಅಜ್ಜಿಯ ಒಂದು ಜೊತೆ ಬುಗುಡಿ ಕಾಣೆಯಾಯಿತು. ಎರಡು ದಿನ ಹುಡುಕಿದರು. ಮೂರನೆಯ ದಿನ ಸೋದರಮಾವ ಪಕ್ಕದ ಹಳ್ಳಿಯಿಂದ ಅಂಜನ ಹಾಕುವವರೊಬ್ಬರನ್ನು ಕರೆತಂದರು. ಹುಟ್ಟುವಾಗ ಕಾಲು ಮುಂದಾಗಿ ಬಂದ ಮಗುವಿಗೆ ಅಂಜನ ಚೆನ್ನಾಗಿ ಕಾಣುವುದೆಂದು ನಮ್ಮ ಕಡೆ ನಂಬಿಕೆ. ಮನೆಯಲ್ಲಿ ಹಾಗೆ ಹುಟ್ಟಿದವನು ನಾನೊಬ್ಬನೇ. ವೀಳ್ಯದೆಲೆಗೆ ಕಪ್ಪು ಬಳಿದು ಕೈಗೆ ಕೊಟ್ಟರು. ಮುಂದೆ ದೀಪ, ಹಿಂದೆ ಮನೆಯವರೆಲ್ಲ.

‘ನೋಡು ಕಂದ, ಒಬ್ಬ ಕಸ ಗುಡಿಸ್ತಾ ಇದ್ದಾನಾ?’

ದೀಪದ ಕುಡಿ ಎಲೆಯ ಮೇಲೆ ಅಲುಗಾಡುತ್ತಿತ್ತು. ‘ಹ್ಞೂ’ ಎಂದೆ.

‘ಈಗ ಯಾರೋ ಬರ್ತಾರೆ. ಹೆಂಗಸೋ, ಗಂಡಸೋ?’

ಹಿಂದೆ ಯಾರೋ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಎರಡು ದಿನದಿಂದ ಅಡಿಗೆಮನೆಯಲ್ಲಿ ಪಿಸುಗುಟ್ಟಿದ ಹೆಸರು ಒಂದೇ. ‘ಹೆಂಗಸು’ ಎಂದೆ.

‘ತಲೆ ಮೇಲೆ ಏನಾದ್ರೂ ಐತಾ ಮಗ?’

‘ಮಂಕರಿ.’

ಸಗಣಿ ಮಂಕರಿ ಹೊತ್ತು ಕೊಟ್ಟಿಗೆಗೆ ಬರುತ್ತಿದ್ದವಳು ಒಬ್ಬಳೇ. ಅವಳನ್ನು ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ, ಮರುದಿನದಿಂದ ಬರಬೇಡವೆಂದರು. ಮುಂದಿನ ಯುಗಾದಿಗೆ ಅಟ್ಟದ ಪೆಟ್ಟಿಗೆ ಇಳಿಸಿದಾಗ ಅಜ್ಜಿಯದೇ ರೇಷ್ಮೆ ರವಿಕೆಯ ಮಡಿಕೆಯಿಂದ ಬುಗುಡಿ ಉದುರಿತು. ಅಷ್ಟು ಹೊತ್ತಿಗೆ ಅವಳ ಸಂಸಾರ ಊರು ಬಿಟ್ಟಿತ್ತು.

ನಾನು ಸುಳ್ಳು ಹೇಳಲಿಲ್ಲ. ಮಂಕರಿ ನನಗೆ ನಿಜವಾಗಿಯೂ ಕಂಡಿತ್ತು. ಎಲ್ಲರ ಮನಸ್ಸಿನಲ್ಲಿದ್ದುದು ನನ್ನ ಕಣ್ಣಿಗೆ ಬಂದಿತ್ತು. ಅಂಜನದ ದೋಷ ನೋಡುವುದರಲ್ಲಿಲ್ಲ. ಕೇಳುವವನು ಬೆನ್ನ ಹಿಂದೆ ನಿಂತಿರುತ್ತಾನೆ, ಅವನ ಪ್ರಶ್ನೆ ಬೇರೊಬ್ಬರ ಮೇಲಿರುತ್ತದೆ, ಕಂಡದ್ದು ಕೂಡಲೆ ತೀರ್ಪಾಗುತ್ತದೆ; ಕೇಡೆಲ್ಲ ಇರುವುದು ಅಲ್ಲಿ. ‘ಕದ್ದವರು ಯಾರು’ ಎಂಬುದರ ಬದಲು ‘ನಿನಗೆ ಭಯ ಯಾರ ಮೇಲೆ’ ಎಂದು ಆ ಎಲೆಯನ್ನು ಕೇಳಿದ್ದರೆ, ಆ ಮನೆಯ ವಿಷಯದಲ್ಲಿ ಅದು ಬಹಳ ಸತ್ಯವನ್ನು ಹೇಳುತ್ತಿತ್ತು.

ಹೊಳೆನರಸೀಪುರದ ಬಟ್ಟಲು ಈ ಮೂರರಲ್ಲಿ ಎರಡನ್ನು ತಿದ್ದಿದೆ ಎಂದು ಒಪ್ಪುತ್ತೇನೆ. ಪ್ರಶ್ನೆ ನೋಡುವವನ ಕಡೆಗೇ ತಿರುಗಿದೆ. ಕಂಡದ್ದು ತೀರ್ಪಾಗುವ ಬದಲು ಚಿತ್ರವಾಗುತ್ತದೆ. ಚಿತ್ರ ಕಾಗದದ ಮೇಲೆ ನಿಲ್ಲುತ್ತದೆ, ನಾಳೆ ಅದನ್ನು ನೋಡಿ ‘ಇದು ಹೀಗಲ್ಲ’ ಎನ್ನಬಹುದು, ತಿದ್ದಬಹುದು, ಹರಿಯಬಹುದು. ಎಲೆಯ ಮೇಲಿನ ಮಂಕರಿಯನ್ನು ತಿದ್ದುವ ಅವಕಾಶ ನನಗಿರಲಿಲ್ಲ. ಇಲ್ಲಿ ಚೆನ್ನಾಗಿ ಬರೆಯಬೇಕೆಂಬ ಹಂಗೂ ಇಲ್ಲ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತ ಅ. ನ. ಕೃಷ್ಣರಾಯರು ‘ಉದಯರಾಗ’ದಲ್ಲಿ ಚಿತ್ರಕಾರನ ಬದುಕನ್ನು ಕಾದಂಬರಿಯಾಗಿಸಿದರು, ಆ ಚಿತ್ರಕಾರ ಲೋಕಕ್ಕಾಗಿ ಬರೆಯುವವನು. ಶಿಬಿರದ ಕಾಗದಗಳು ಪ್ರದರ್ಶನಕ್ಕಲ್ಲ. ಅವುಗಳಲ್ಲಿ ರೇಖೆಯ ದೋಷ ಹುಡುಕುವವನು ರಸಿಕನಲ್ಲ, ಒರಟ.

ಮೂರನೆಯದು, ಬೆನ್ನ ಹಿಂದೆ ನಿಂತವನ ಪ್ರಶ್ನೆ, ಪೂರ್ತಿ ಬಗೆಹರಿದಿದೆಯೆಂದು ಹೇಳಲಾರೆ. ಚಿತ್ರವನ್ನು ನೋಡಿ ‘ಕಪ್ಪು ಹೆಚ್ಚಾಗಿದೆ, ನಿಮಗೆ ದುಃಖವಿದೆ, ಬಾಗಿಲಿಲ್ಲದ ಮನೆ ಬರೆದಿದ್ದೀರಿ, ನಿಮಗೆ ಬಂಧನವಿದೆ’ ಎನ್ನುವ ಚಿಕಿತ್ಸಕ ಕೋಟು ತೊಟ್ಟ ಅಂಜನಗಾರನೇ ಸರಿ. ಇನ್ನು ಮನಸ್ಸು ಮೊದಲೇ ಕದಡಿದವರನ್ನು, ಇಲ್ಲದ ದನಿ ಕೇಳುವವರನ್ನು, ಕತ್ತಲೆಯ ಬಟ್ಟಲಿನ ಮುಂದೆ ಕೂರಿಸುವುದು ತಪ್ಪು. ಅವರಿಗೆ ವೈದ್ಯರು ಬೇಕು, ಬೆಳಕು ಬೇಕು. ಶಿಬಿರದಲ್ಲಿ ಬಟ್ಟಲಿಡುವ ಮುಂಚೆ ಈ ಬಗ್ಗೆ ಯಾರೂ ಯಾರನ್ನೂ ವಿಚಾರಿಸಲಿಲ್ಲ. ಅದು ಕೊರತೆಯೇ.

ಆದರೆ ಇಷ್ಟು ಬರೆದ ಕೈ ನನ್ನ ಕಡೆಗೂ ತಿರುಗಬೇಕು. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ನಾನು ಮಾಡುತ್ತಿರುವುದೇನು? ಪದ್ಯವನ್ನು ಹುಡುಗರ ಕೈಗೆ ಕೊಟ್ಟು, ಅವರ ಬೆನ್ನ ಹಿಂದೆ ನಿಂತು, ‘ಇಲ್ಲಿ ವೈರಾಗ್ಯ ಕಾಣುತ್ತದಲ್ಲವೆ? ಇಲ್ಲಿ ವಿಡಂಬನೆ ಕಾಣುತ್ತದಲ್ಲವೆ?’ ಎನ್ನುತ್ತೇನೆ. ಅವರು ‘ಹ್ಞೂ’ ಎನ್ನುತ್ತಾರೆ, ಟಿಪ್ಪಣಿ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ನನಗೆ ಹಿಂದಿರುಗಿಸುತ್ತಾರೆ. ದರ್ಪಣಸುಂದರಿ ತನ್ನ ಚೆಲುವಿಗೆ ಮೆಚ್ಚಿದ್ದಾಳೆಂದು ಅವರಿಗೆ ಹೇಳಿಕೊಟ್ಟವನೂ ನಾನೇ.

ಆ ಮಧ್ಯಾಹ್ನ ನನ್ನ ಬಟ್ಟಲಿನಲ್ಲಿ ಬಹಳ ಹೊತ್ತು ಕಿಟಕಿಯ ಸರಳುಗಳ ನೆರಳಲ್ಲದೆ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ಏನೆಂದು ವಾಚಕರು ಊಹಿಸಿರಬಹುದು. ಬರೆದೆ: ಕಂದುಬಣ್ಣದ ಒಂದು ಮಂಕರಿ, ಕಾಗದದ ಮೇಲ್ಭಾಗದಲ್ಲಿ. ಆ ಮಹಿಳೆ ನನ್ನ ಬಳಿ ಬಂದು ಸ್ವಲ್ಪ ಹೊತ್ತು ನೋಡಿದರು. ಅರ್ಥ ಹೇಳಲಿಲ್ಲ. ‘ಇನ್ನೇನಾದರೂ ಸೇರಿಸಬೇಕು ಅನ್ನಿಸುತ್ತದೆಯೇ ಸಾರ್?’ ಎಂದಷ್ಟೇ ಕೇಳಿ, ಪಕ್ಕದವರ ಕಡೆಗೆ ಹೋದರು.

ಕಾಗದ ಈಗಲೂ ಮನೆಯ ಮೇಜಿನ ಮೇಲಿದೆ. ಮಂಕರಿಯ ಕೆಳಗೆ ಜಾಗ ಖಾಲಿಯಿದೆ. ಎರಡು ಸಲ ಪೆನ್ಸಿಲು ಹಿಡಿದು ಕೂತೆ. ಅವಳ ಮುಖ ನನಗೆ ನೆನಪಿಗೆ ಬರುತ್ತಿಲ್ಲ.