ತಾತನಿಗೆ ಸಿಕ್ಕ ನ್ಯಾಯ

ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ 2007ರಲ್ಲಿ ಪ್ರಕಟಿಸಿದ ಆತ್ಮಕಥೆ ‘ಮೈ ಗ್ರ್ಯಾಂಡ್‌ಫಾದರ್ಸ್ ಸನ್’. ಅದರಲ್ಲಿ ತಾತ ಮೈಯರ್ಸ್ ಆಂಡರ್ಸನ್ ಕಾಣಿಸಿಕೊಳ್ಳುವ ಪುಟಗಳೆಲ್ಲ ಜೀವಂತ. ಜಾರ್ಜಿಯಾದ ಪಿನ್ ಪಾಯಿಂಟ್‌ನಲ್ಲಿ ಹುಟ್ಟಿ, ಅಪ್ಪನ ಆಸರೆಯಿಲ್ಲದೆ ಬೆಳೆಯುತ್ತಿದ್ದ ಹುಡುಗನನ್ನೂ ಅವನ ತಮ್ಮನನ್ನೂ ಸವಾನಾದ ತಮ್ಮ ಮನೆಗೆ ಕರೆದುಕೊಂಡು ಸಾಕಿದವರು ಅವರು. ಓದುಬರಹ ಅಷ್ಟಕ್ಕಷ್ಟೆ, ಮನೆಮನೆಗೆ ಉರುವಲು ಎಣ್ಣೆ ತಲುಪಿಸುವ ಸ್ವಂತ ವ್ಯಾಪಾರ. ಬೆಚ್ಚಗಿದ್ದರೆ ಹುಡುಗರು ಮೈಗಳ್ಳರಾಗುತ್ತಾರೆಂದು ಲಾರಿಯ ಹೀಟರನ್ನೇ ಕಿತ್ತುಹಾಕಿದ ಮನುಷ್ಯ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಿದ್ದಾಗ ಸಹಪಾಠಿಯೊಬ್ಬ ಹಿಗ್ಗಿದ್ದನ್ನು ಕೇಳಿ, ಪಾದ್ರಿಯಾಗುವ ಓದು ಬಿಟ್ಟುಬಂದ ಮೊಮ್ಮಗನನ್ನು ತಾತ ಮನೆಯಿಂದಲೇ ಹೊರಹಾಕಿದರು. ಆ ಗಾಯವನ್ನು ಥಾಮಸ್ ಮುಚ್ಚಿಡುವುದಿಲ್ಲ. ಭಯವನ್ನೂ ಪ್ರೀತಿಯನ್ನೂ ಬೇರ್ಪಡಿಸದೆ ಬರೆಯುತ್ತಾರೆ.

ಕಾಲೇಜಿನಲ್ಲಿ ಅವರು ಕರಿಯರ ಹೋರಾಟದ ಉಗ್ರ ದನಿಯಾಗಿದ್ದ ಮಾಲ್ಕಂ ಎಕ್ಸ್‌ನನ್ನು ಮೆಚ್ಚಿದ ಸಿಟ್ಟಿನ ಯುವಕ. 1974ರಲ್ಲಿ ಯೇಲ್ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದರೂ ಕೆಲಸ ಸುಲಭವಾಗಿ ಸಿಗಲಿಲ್ಲ. ಕರಿಯನೆಂಬ ಕಾರಣಕ್ಕೆ ಸಿಕ್ಕ ಪದವಿಯೆಂದು ಜನ ಭಾವಿಸುತ್ತಾರೆ ಎಂದು ನೊಂದು, ಅದರ ಚೌಕಟ್ಟಿಗೆ 15 ಸೆಂಟಿನ ಬೆಲೆಚೀಟಿ ಅಂಟಿಸಿದರು. ಅವರನ್ನು ಬಿಳಿಯರ ಕೈಗೊಂಬೆ ಎಂದು ತಳ್ಳಿಹಾಕುವವರು ಈ ಪುಟಗಳನ್ನು ಓದಬೇಕು. ಬಿಳಿಯರ ಔದಾರ್ಯವೇ ಕರಿಯರನ್ನು ಕುಗ್ಗಿಸುತ್ತದೆಂಬ ಅವರ ನಂಬಿಕೆ ಕರಿಯರ ಸ್ವಾಭಿಮಾನದ ನೆಲದಲ್ಲೇ ಹುಟ್ಟಿದ್ದು. ವಿಶ್ವವಿದ್ಯಾಲಯ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಹುದೆಂಬ 2003ರ ತೀರ್ಪಿಗೆ ಭಿನ್ನಮತ ಬರೆದಾಗ ಅವರು ಕರಿಯರ ನಾಯಕ ಫ್ರೆಡರಿಕ್ ಡಗ್ಲಾಸ್‌ ಮಾತಿನಿಂದಲೇ ಆರಂಭಿಸಿದರು.

ಆದರೆ ತನ್ನೊಬ್ಬನ ಅವಮಾನವನ್ನು ಎಲ್ಲರಿಗೂ ಕಾನೂನಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಯೇಲ್ ಚುಚ್ಚಿದ್ದನ್ನು ಪುಸ್ತಕ ಮರೆಯುವುದಿಲ್ಲ. ಯೇಲ್ ತೆರೆದ ಬಾಗಿಲಿಗೆ ಅಷ್ಟು ಜಾಗ ಕೊಡುವುದಿಲ್ಲ.

ಸುಪ್ರೀಂ ಕೋರ್ಟಿಗೆ ಅವರ ಹೆಸರು ಸೂಚಿತವಾದ 1991ಕ್ಕೆ ಬರುವಾಗ ಬರಹ ಬಿಗಿದುಕೊಳ್ಳುತ್ತದೆ. ಅವರ ಕೈಕೆಳಗೆ ಕೆಲಸ ಮಾಡಿದ್ದ ಅನಿತಾ ಹಿಲ್ ಲೈಂಗಿಕ ಕಿರುಕುಳದ ಆರೋಪ ಮಾಡಿದಾಗ, ಥಾಮಸ್ ಅದನ್ನು ನಿರಾಕರಿಸಿದರು; ಸೆನೆಟ್ ಸಮಿತಿಯ ಮುಂದೆ ಕರಿಯರನ್ನು ಗುಂಪು ಸೇರಿ ಕೊಂದ ಚರಿತ್ರೆಯನ್ನು ಗುರಾಣಿ ಮಾಡಿಕೊಂಡರು. ಕಾನೂನಿನ ಕಣ್ಣಿಗೆ ಬಣ್ಣ ಕಾಣಬಾರದು ಎನ್ನುವವರೇ ತಮ್ಮ ಕಷ್ಟಕಾಲದಲ್ಲಿ ಬಣ್ಣದ ನೆನಪನ್ನೇ ಆಸರೆಗೆ ಹಿಡಿದರು. ಹಿಲ್ ಕೂಡ ಕಪ್ಪು ಮಹಿಳೆ, ಒಕ್ಲಹೋಮಾದ ರೈತ ಮನೆಯ 13 ಮಕ್ಕಳಲ್ಲಿ ಕಿರಿಯವಳು, ಯೇಲ್‌ನಲ್ಲೇ ಓದಿದವಳು. ಕಠೋರ ತಾತನನ್ನು ಅಷ್ಟು ತಾಳ್ಮೆಯಿಂದ ಅರ್ಥಮಾಡಿಕೊಂಡ ಲೇಖಕ ಆಕೆಯ ಬಗ್ಗೆ ಕ್ಷಣದ ಕುತೂಹಲವನ್ನೂ ತೋರುವುದಿಲ್ಲ.

ಸೆನೆಟ್‌ನಲ್ಲಿ 52–48 ಮತಗಳಿಂದ ಗೆದ್ದು ಪ್ರಮಾಣವಚನ ಸ್ವೀಕರಿಸುವಲ್ಲಿಗೆ ಕಥೆ ನಿಲ್ಲುತ್ತದೆ. ಪುಸ್ತಕ ಹೊರಬರುವಾಗ ಅವರು ಪೀಠದಲ್ಲಿ ಕುಳಿತು 16 ವರ್ಷವಾಗಿತ್ತು. ಆ ವರ್ಷಗಳ ತೀರ್ಪುಗಳು ಸವಾನಾದ ಇನ್ನೊಬ್ಬ ಬಡ ಹುಡುಗನಿಗೆ ಏನು ಮಾಡಿದವು ಎಂಬ ಪ್ರಶ್ನೆಯನ್ನು ಥಾಮಸ್ ಇಲ್ಲಿ ಎತ್ತಿಕೊಳ್ಳುವುದೇ ಇಲ್ಲ.